ಕೊಡಗಿನ ಸಂಶೋಧನೆ ಕಾಫಿಗಷ್ಟೇ ಸೀಮಿತವಲ್ಲ

‘ಕೊಡಗಿನಲ್ಲಿ ಸಂಶೋಧನೆ ಅಂದ್ರೆ ಬರೀ ಕಾಫಿ, ಬೇರೆ ವಿಷಯ ಓದೋ ಮಕ್ಕಳಿಗೆ ಇಲ್ಲೇನಿಲ್ಲ’ ಅನ್ನೋ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಪಿಯುಸಿ ಮುಗಿಸಿದ ಮಕ್ಕಳು ಇದನ್ನು ನಂಬಿಬಿಟ್ಟರೆ ಅನ್ಯಾಯ, ಅದಕ್ಕೇ ಬರೆಯುತ್ತಿದ್ದೇನೆ.

ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ ಇರುವುದು ನಿಜ. ಆದರೆ ಅದೇ ಊರಲ್ಲಿ ಹಣ್ಣಿನ ಬೆಳೆಗಳ ಮೇಲೂ ಕೆಲಸ ನಡೆಯುತ್ತದೆ. ಅಪ್ಪಂಗಳದಲ್ಲಿ ಏಲಕ್ಕಿ ಸಂಶೋಧನೆ. ಏಲಕ್ಕಿಗೆ ಬರುವ ಕಟ್ಟೆ ರೋಗ ವೈರಸ್ಸಿನದು, ಅದನ್ನು ಗಿಡದಿಂದ ಗಿಡಕ್ಕೆ ಹರಡುವುದು ರಸ ಹೀರುವ ಸಣ್ಣ ಕೀಟ, ಸಸ್ಯಹೇನು. ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜಿದೆ.

ಇನ್ನು ದೇವರಕಾಡುಗಳು, ಅಂದ್ರೆ ದೇವರ ಹೆಸರಲ್ಲಿ ಕಾಪಾಡಿಕೊಂಡು ಬಂದ ಕಾಡುಗಳು. ಪರಿಸರ ವಿಜ್ಞಾನಿಗಳು ಅಲ್ಲಿ ಮರದ ಎದೆಮಟ್ಟಕ್ಕೆ ಟೇಪು ಸುತ್ತಿ ಸುತ್ತಳತೆ ಬರೆದುಕೊಳ್ಳುತ್ತಾರೆ. ಅದೇ ಕಾಡಿನ ಹಬ್ಬ, ಕಟ್ಟುಪಾಡು ಸಮಾಜಶಾಸ್ತ್ರದವರಿಗೆ ವಿಷಯ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಕೊಡವರ ಬಗ್ಗೆ ಮಾಡಿದ ಅಧ್ಯಯನ 1952ರಲ್ಲೇ ಪುಸ್ತಕವಾಯಿತು. ಇವತ್ತಿಗೂ ಸಮಾಜಶಾಸ್ತ್ರದ ತರಗತಿಯಲ್ಲಿ ಅದರ ಮಾತು ಬರುತ್ತದೆ, ಸಣ್ಣ ಸಂಗತಿಯಲ್ಲ ಅಲ್ವಾ?

ಭಾಷೆಯ ಕಡೆ ಬಂದರೆ, ಕನ್ನಡದಲ್ಲಿ ಇಲ್ಲದ ಕೆಲವು ಸ್ವರಗಳು ಕೊಡವರ ಭಾಷೆಯಾದ ಕೊಡವ ತಕ್ಕ್‌ನಲ್ಲಿವೆ. ಅಮೆರಿಕದ ಭಾಷಾ ವಿಜ್ಞಾನಿ ಎಂ.ಬಿ. ಎಮೆನೋ ಇವುಗಳ ಬಗ್ಗೆ ಬರೆದಿದ್ದಾರೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಮೇಲೆ ಭೂವಿಜ್ಞಾನಿಗಳೂ ಬಂದರು.

ಆ ಸಂದೇಶ ನಿಮಗೆ ಬಂದಿದ್ದರೆ ಸುಮ್ನೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವರಿಗೆ ಇದನ್ನು ಓದಲು ಕೊಡಿ.