ಊರೆಲ್ಲ ಭೇಷ್ ಎನ್ನಲಿ ಎಂದು ನಾನು ಉಪ್ಪಿನಕಾಯಿ ಹಾಕುವುದಿಲ್ಲ

ಮಾವಿನ ಮರಗಳು ಹೂ ಬಿಟ್ಟಿವೆ. ಇನ್ನು ಕೆಲವೇ ವಾರಗಳಲ್ಲಿ ಸಾಗರ, ಹೊಸನಗರ, ಸಿದ್ದಾಪುರದ ಕಡೆ ಅಪ್ಪೆಮಿಡಿಯ, ಅಂದರೆ ಉಪ್ಪಿನಕಾಯಿಗೆ ಹಾಕುವ ಘಮಘಮಿಸುವ ಎಳೆ ಮಾವಿನಕಾಯಿಯ, ಭರಾಟೆ ಶುರುವಾಗುತ್ತದೆ. ಅದರ ಬೆನ್ನಿಗೇ ನನ್ನ ಮೊಬೈಲಿಗೆ ಸಲಹೆಗಳೂ ಬರತೊಡಗುತ್ತವೆ. ಉಪ್ಪು ಕಡಿಮೆ ಮಾಡಿ, ಖಾರ ಜಾಸ್ತಿ ಮಾಡಿ, ಮೇಲೆ ಎಣ್ಣೆ ತೇಲಲಿ, ಬೆಲೆ ಇಳಿಸಿ, ಬಾಟಲಿ ಚಂದ ಮಾಡಿ. ಮನೆಯಲ್ಲೇ ಮಿಡಿ ಉಪ್ಪಿನಕಾಯಿ ಹಾಕಿ ಮಾರುವ ನನಗೆ ಇವೆಲ್ಲಕ್ಕೂ ಹೂಂಗುಟ್ಟುವುದನ್ನು ಬಿಟ್ಟ ಮೇಲೆಯೇ ಈ ಕಸುಬು ಕೈಹಿಡಿದದ್ದು. ಹಪ್ಪಳ, ತೊಡೆದೇವು ಎಂಬ ತೆಳ್ಳನೆಯ ಸಿಹಿತಿಂಡಿ, ಚಟ್ನಿಪುಡಿ ಮಾಡಿ ಮಾರುವ ಹೆಣ್ಣುಮಕ್ಕಳು ಆಗಾಗ ಫೋನ್ ಮಾಡಿ, "ಅಕ್ಕಾ, ಜನ ಹೀಗೆಲ್ಲ ಹೇಳುತ್ತಾರಲ್ಲ, ಏನು ಮಾಡಲಿ?" ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಉಪ್ಪಿನ ವಿಷಯ. ನನಗೆ ಬರುವ ಮಾತುಗಳಲ್ಲಿ ಅರ್ಧಕ್ಕರ್ಧ ಅದೇ.

ಅಪ್ಪೆಮಿಡಿಯನ್ನು ಗೊರಟು ಬಲಿಯುವ ಮೊದಲೇ, ತೊಟ್ಟು ಸಮೇತ ಕೊಯ್ಯಬೇಕು. ತೊಟ್ಟು ಮುರಿದರೆ ಸೊನೆ ಸೋರಿಹೋಗುತ್ತದೆ. ಆ ಘಮವೆಲ್ಲ ಇರುವುದು ಸೊನೆಯಲ್ಲೇ. ತಂದ ಮಿಡಿಯನ್ನು ತೊಳೆದು, ನೀರಿನ ಪಸೆ ಇಲ್ಲದಂತೆ ಒರೆಸಿ, ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು ಹಾಕುತ್ತಾ ಹೋಗಬೇಕು. ಉಪ್ಪು ಮಿಡಿಯೊಳಗಿನ ನೀರನ್ನು ಹೊರಗೆ ಎಳೆಯುತ್ತದೆ, ಮಿಡಿ ಚಿರುಟುತ್ತದೆ. ಅಷ್ಟು ಉಪ್ಪಿರುವ ನೀರಿನಲ್ಲಿ ಕೊಳೆಸುವ ಸೂಕ್ಷ್ಮಾಣುಗಳು ಬೆಳೆಯಲಾರವು. ಆಮೇಲೆ ಅದೇ ಉಪ್ಪುನೀರನ್ನು ಕುದಿಸಿ, ಪೂರ್ತಿ ಆರಿಸಿ, ಅದರಲ್ಲೇ ಸಾಸಿವೆ, ಅರಿಸಿನ, ಬ್ಯಾಡಗಿ ಮೆಣಸು ಅರೆದು ಸೇರಿಸುತ್ತೇನೆ. ಮಿಡಿಯ ಪರಿಮಳ ಎದ್ದು ಬರಬೇಕು ಎಂದು ನಮ್ಮ ಮನೆಯ ಕ್ರಮದಲ್ಲಿ ಎಣ್ಣೆ ಹಾಕುವುದಿಲ್ಲ. ಹಾಗಾಗಿ ಮಳೆಗಾಲ ದಾಟಿಸಿ ಮುಂದಿನ ಮಿಡಿಯ ಕಾಲದವರೆಗೆ ಇದನ್ನು ಕಾಯುವುದು ಮುಖ್ಯವಾಗಿ ಉಪ್ಪೇ. ಆಹಾರ ಸುರಕ್ಷತೆಯ ನಿಯಮಗಳೇ ಹೇಳುತ್ತವೆ: ಉಪ್ಪುನೀರಿನಲ್ಲಿ ಹಾಕಿದ ಉಪ್ಪಿನಕಾಯಿಯಲ್ಲಿ ಉಪ್ಪಿನ ಪ್ರಮಾಣ ಒಂದು ಮಟ್ಟಕ್ಕಿಂತ ಕಡಿಮೆ ಇರಕೂಡದು.

ಉಪ್ಪು ಇಳಿಸಿ ಹೆಚ್ಚು ಜನರ ಮೆಚ್ಚುಗೆ ಪಡೆಯುವುದು ಕಷ್ಟವೇನಲ್ಲ. ಅದರ ಜಾಗಕ್ಕೆ ಸೋಡಿಯಂ ಬೆಂಜೊಯೇಟ್ ಎಂಬ, ಕೆಡದಂತೆ ಕಾಯುವ ರಾಸಾಯನಿಕ ಹಾಕಿದರಾಯಿತು, ಕಾನೂನು ಒಂದು ಮಿತಿಯವರೆಗೆ ಅದಕ್ಕೆ ಒಪ್ಪುತ್ತದೆ. ಹಾಗೆ ಮಾಡುವವರನ್ನು ನಾನು ದೂರುವುದಿಲ್ಲ. ಆದರೆ ನನ್ನಿಂದ ಕೊಳ್ಳುವವರು ಮಿಡಿಯ ಜೊತೆ ಉಪ್ಪು, ಸಾಸಿವೆ, ಅರಿಸಿನ, ಮೆಣಸು ಬಿಟ್ಟು ಬೇರೇನೂ ಇಲ್ಲವೆಂಬ ಭರವಸೆಯ ಮೇಲೆ ಕೊಳ್ಳುತ್ತಾರೆ. ಎಂದೋ ಒಮ್ಮೆ ರುಚಿ ನೋಡಿ ಹೋಗುವವರನ್ನು ಒಲಿಸಲು ವರ್ಷವರ್ಷವೂ ಕೊಳ್ಳುವವರ ನಂಬಿಕೆಯನ್ನು ಏಕೆ ಒತ್ತೆ ಇಡಲಿ? ರಕ್ತದೊತ್ತಡ ಇರುವವರು ಕೇಳಿದರೆ ನೇರವಾಗಿ ಹೇಳುತ್ತೇನೆ: ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ, ನೀವು ಉಪ್ಪಿನಕಾಯಿ ಕೊಳ್ಳಬೇಡಿ, ತಿನ್ನಲೇಬೇಕೆನಿಸಿದರೆ ಮೊಸರನ್ನಕ್ಕೆ ಒಂದು ಚೂರು ಕಚ್ಚಿಕೊಳ್ಳಿ. ಇದರಿಂದ ವ್ಯಾಪಾರ ಹೋದರೆ ಹೋಗಲಿ.

ಇನ್ನು ನೆಂಟರಿಷ್ಟರು. ಇಲ್ಲಿ ಮಾತು ಉಪ್ಪಿಗಿಂತ ಸೂಕ್ಷ್ಮ. ಅಡಿಕೆ ತೋಟ ಇರುವ ಮನೆಯ ಹೆಂಗಸು ಮಾರಾಟಕ್ಕೆ ಕೂತರೆ ನಮ್ಮ ಕಡೆ ಇಂದಿಗೂ ಹುಬ್ಬೇರಿಸುವವರಿದ್ದಾರೆ. ಮದುವೆಮನೆಯ ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ, "ನಿಮಗೇನು ಕಡಿಮೆಯಾಗಿದೆ ಅಂತ ಉಪ್ಪಿನಕಾಯಿ ಮಾರುತ್ತೀ ಮಾರಾಯ್ತಿ?" ಎಂದು ಕೇಳಿದ ಅತ್ತೆಯವರೊಬ್ಬರು, ಕೈತೊಳೆದು ಬಂದು, "ನಾಳೆ ಹೋಗುವಾಗ ನಾಲ್ಕು ಬಾಟಲಿ ಕಟ್ಟಿಸಿಡು, ಮಗಳಿಗೆ ಕಳಿಸಬೇಕು" ಎಂದಿದ್ದರು. ದುಡ್ಡಿನ ಮಾತೇ ಇಲ್ಲ. ಮೊದಲನೆಯ ಮಾತಿಗೆ ನಾಚಿಕೊಂಡವಳು ಎರಡನೆಯದಕ್ಕೆ ಬಾಯಿ ಬಿಡಲಾರಳು. ಅವರ ಕಣ್ಣಿನಲ್ಲಿ ಒಳ್ಳೆಯವಳಾಗಬೇಕೆಂಬ ಆಸೆಯೇ ಬಾಯಿ ಕಟ್ಟಿಬಿಡುತ್ತದೆ. ದಾಕ್ಷಿಣ್ಯಕ್ಕೆ ಬಸಿರಾಗುವುದು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ನಾನು ಅಂದು, "ಕಟ್ಟಿಸಿಡುತ್ತೇನೆ ಅತ್ತೆ, ಬಿಲ್ಲನ್ನು ಒಳಗೇ ಇಟ್ಟಿರುತ್ತೇನೆ" ಎಂದೆ. ಅವರ ಮುಖ ಸಣ್ಣದಾಯಿತು. ಬಾಟಲಿಗಳನ್ನು ಒಯ್ದರು, ಹಣವನ್ನೂ ಕೊಟ್ಟರು, ಬಹಳ ಕಾಲ ಮಾತು ಬಿಟ್ಟರು. ನನಗೆ ನೋವಾಗಲಿಲ್ಲವೆಂದಲ್ಲ. ಹತ್ತಿರದವರ ಮುನಿಸು ಎದೆಗೆ ತಾಗಿಯೇ ತಾಗುತ್ತದೆ. ಆದರೆ ಆ ನಾಲ್ಕು ಬಾಟಲಿಯ ಹಿಂದೆ ಯಾರ್‍ಯಾರ ದುಡಿಮೆ ಇದೆಯೆಂದು ನನಗೆ ಗೊತ್ತು.

ಅಪ್ಪೆಮಿಡಿ ಮರಗಳು ಹೆಚ್ಚಾಗಿ ಬೆಳೆಯುವುದು ಹೊಳೆ, ಹಳ್ಳಗಳ ದಂಡೆಯಲ್ಲಿ, ಎತ್ತರದ ಕಾಡುಮರಗಳು. ನನಗೆ ಮಿಡಿ ತಂದುಕೊಡುವವರು ಸೊಂಟಕ್ಕೆ ಗೋಣಿಚೀಲ ಕಟ್ಟಿಕೊಂಡು ಹತ್ತುತ್ತಾರೆ. ಕೈಗೆ ಸಿಕ್ಕದ ಗೊಂಚಲನ್ನು ಕೊಕ್ಕೆಯಿಂದ ಮೆಲ್ಲಗೆ ಬಳಿಗೆ ಎಳೆದು, ಒಂದೊಂದೇ ಮಿಡಿಯನ್ನು ತೊಟ್ಟಿನೊಂದಿಗೆ ಬಿಡಿಸಿ ಚೀಲಕ್ಕೆ ಹಾಕುತ್ತಾರೆ. ತುಂಬಿದ ಚೀಲವನ್ನು ಹಗ್ಗದಲ್ಲಿ ಇಳಿಸುತ್ತಾರೆ, ಏಕೆಂದರೆ ನೆಲಕ್ಕೆ ಬಿದ್ದ ಮಿಡಿಗೆ ಪೆಟ್ಟಾಗಿರುತ್ತದೆ. ಪೆಟ್ಟಾದ ಒಂದು ಮಿಡಿ ಇಡೀ ಭರಣಿಯನ್ನು ಕೆಡಿಸಬಲ್ಲದು. ಕೆಳಗೆ ಬಂದು ಎಣಿಸಿ ಕೊಡುತ್ತಾರೆ, ಮಿಡಿಯ ವ್ಯಾಪಾರ ಎಣಿಕೆಯ ಲೆಕ್ಕದ್ದು. ಇದಕ್ಕಿಂತ ಸುಲಭದ ದಾರಿಯೂ ಇದೆ: ಕೊಂಬೆಯನ್ನೇ ಕಡಿದು ಕೆಡವುವುದು. ಬೇಗ ಆಗುತ್ತದೆ, ಅಗ್ಗವಾಗುತ್ತದೆ, ಮರ ಮಾತ್ರ ಮತ್ತೆ ಹಿಂದಿನಂತೆ ಫಲ ಕೊಡಲು ವರ್ಷಗಳೇ ಬೇಕು. ಹೀಗೆ ಕಡಿಸಿಕೊಂಡೇ ಎಷ್ಟೋ ಒಳ್ಳೆಯ ಮರಗಳು ಹೋಗಿವೆ. ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ, ಅಂದರೆ ಇದು ಈ ಸೀಮೆಯದೇ ಎಂಬ ಸರ್ಕಾರಿ ಗುರುತಿನ, ಮಾನ್ಯತೆ ಇದೆ ಎಂದು ಲೇಬಲ್ಲಿನಲ್ಲಿ ಹೆಮ್ಮೆಯಿಂದ ಬರೆದುಕೊಂಡು, ಮರವನ್ನೇ ಉಳಿಸದಿದ್ದರೆ ಏನು ಬಂತು? ಕೊಂಬೆ ಕಡಿಯದೆ ಕೊಯ್ದವರಿಗೆ ನಾನು ಹೆಚ್ಚು ಕೊಡುತ್ತೇನೆ. ಆ ಹೆಚ್ಚಿನ ಹಣ ಬಾಟಲಿಯ ಬೆಲೆಯಲ್ಲಿ ಇರಲೇಬೇಕು.

ನನ್ನ ಮಾತಿನ ತಿರುಳು ಇದೇ. ನಾವು ಎಲ್ಲರಿಂದ ಒಳ್ಳೆಯವರೆನ್ನಿಸಿಕೊಳ್ಳುವಾಗ ಅದರ ಖರ್ಚನ್ನು ಬೇರೆ ಯಾರೋ ಭರಿಸುತ್ತಿರುತ್ತಾರೆ. ನೆಂಟರಿಗೆ ಬಿಟ್ಟಿ ಕೊಟ್ಟ ಬಾಟಲಿಯ ಹಣ ನನ್ನ ಜೊತೆ ಬೆಳಗಿನಿಂದ ಮಿಡಿ ಒರೆಸುವ ಹೆಂಗಸರ ಸಂಬಳದ ದಿನ ಕಡಿಮೆ ಬೀಳುತ್ತದೆ. "ಪಕ್ಕದ ಅಂಗಡಿಯಲ್ಲಿ ಇದಕ್ಕಿಂತ ಅಗ್ಗ" ಎಂದವರ ಮುಖ ನೋಡಿ ಇಳಿಸಿದ ಬೆಲೆ, ಮರ ಹತ್ತಿದವರ ಕೂಲಿಯಿಂದ ಹೋಗುತ್ತದೆ. ಉದ್ದರಿ ಬರೆಸಿದವರನ್ನು ಕೇಳಲು ಸಂಕೋಚಪಟ್ಟರೆ ಸಾಸಿವೆ ಕೊಟ್ಟ ಅಂಗಡಿಯವರು ಕಾಯಬೇಕಾಗುತ್ತದೆ. ಇದನ್ನು ಔದಾರ್ಯವೆಂದು ಕರೆಯಲು ನನಗೆ ಮನಸ್ಸಿಲ್ಲ.

ಹಾಗೆಂದು ಕಿವಿ ಮುಚ್ಚಿ ಕೂರಬೇಕೆಂದು ಹೇಳುತ್ತಿಲ್ಲ. ಮುಚ್ಚಳ ಸಡಿಲವಾಗಿ ಕೊರಿಯರಿನಲ್ಲಿ ರಸ ಸೋರಿತು ಎಂದರೆ ಅದು ದೂರು. ಅದೇ ದಿನ ಬೇರೆ ಬಾಟಲಿ ಹೊರಡುತ್ತದೆ. ಮಿಡಿ ಮೆತ್ತಗಾಗಿದೆ ಎಂದರೆ ಅದು ಯಾವ ಭರಣಿಯದೆಂದು ಹುಡುಕುತ್ತೇನೆ, ಅದರಲ್ಲಿ ಉಳಿದದ್ದನ್ನು ಮಾರುವುದಿಲ್ಲ. ಸಂಬಳ ಸಾಲದು ಎಂದು ಜೊತೆಯವರು ಹೇಳಿದರೆ ಕೂತು ಲೆಕ್ಕ ನೋಡುತ್ತೇವೆ. ಇವರೆಲ್ಲರಿಗೂ ನನ್ನನ್ನು ಪ್ರಶ್ನಿಸುವ ಹಕ್ಕಿದೆ, ಅವರ ಪ್ರಶ್ನೆಯಿಂದ ಉಪ್ಪಿನಕಾಯಿ ಸುಧಾರಿಸಿದೆ. "ನನಗೆ ಮಿಡಿಗಿಂತ ಹೋಳಿನ ಉಪ್ಪಿನಕಾಯಿ ಇಷ್ಟ" ಎಂದು ಒಂದು ನಕ್ಷತ್ರ ಕೊಟ್ಟು ಹೋಗುವವರದ್ದು ಅವರ ಇಷ್ಟ ಅಷ್ಟೇ. ಅದಕ್ಕೆ ಉದ್ದುದ್ದ ಉತ್ತರ ಬರೆಯುತ್ತಾ ರಾತ್ರಿ ನಿದ್ದೆ ಕೆಡಿಸಿಕೊಳ್ಳುವ ತಂಗಿಯರನ್ನು ನೋಡಿದ್ದೇನೆ, ಸಂಕಟವಾಗುತ್ತದೆ. ಅವರ ಹಪ್ಪಳಕ್ಕೆ ಏನೂ ಆಗಿರುವುದಿಲ್ಲ. ಮಾರನೆಯ ದಿನ ಹಿಟ್ಟು ನಾದುವ ಕೈಗೆ ಮಾತ್ರ ಹುರುಪಿರುವುದಿಲ್ಲ.

ಹೊಗಳಿಕೆಯ ವಿಷಯದಲ್ಲೂ ಅಷ್ಟೇ ಎಚ್ಚರ ಬೇಕು ಎನ್ನುವುದು ನನ್ನ ಅನುಭವ. ಫೇಸ್‌ಬುಕ್ಕಿನಲ್ಲಿ ಭರಣಿಯ ಚಿತ್ರ ಹಾಕಿದರೆ "ಬಾಯಲ್ಲಿ ನೀರೂರಿತು" ಎಂದು ನೂರಾರು ಜನ ಬರೆಯುತ್ತಾರೆ. ಸಂತೋಷ. ಅದನ್ನು ನಂಬಿ ಮಿಡಿಗೆ ಮುಂಗಡ ಕೊಡುವ ಹಾಗಿಲ್ಲ. ಮಾವು ಒಂದು ವರ್ಷ ಕೈತುಂಬ ಕೊಟ್ಟು ಮರುವರ್ಷ ಕೈಕೊಡುವ ಮರ. ಎಷ್ಟು ಮಿಡಿ ಕೊಳ್ಳಬೇಕೆಂಬುದನ್ನು ಕಳೆದ ಸಲ ಕೊಂಡವರ ಪಟ್ಟಿ ನೋಡಿ ತೀರ್ಮಾನಿಸುತ್ತೇನೆ.

ಆದ್ದರಿಂದ ಈ ಸಲದ ನನ್ನ ಕ್ರಮವನ್ನು ಈಗಲೇ ತಿಳಿಸುತ್ತೇನೆ. ಮಿಡಿ ಕೈಗೆ ಬಂದ ಮೇಲೆಯೇ ಬೆಲೆ ಹೇಳುತ್ತೇನೆ, ಹೇಳಿದ ಮೇಲೆ ಇಳಿಸುವುದಿಲ್ಲ. ಬಂಧುಗಳಿಗೂ ಅದೇ ಬೆಲೆ. ಮನೆಗೆ ಊಟಕ್ಕೆ ಬಂದರೆ ಎಲೆಗೆ ಎಷ್ಟು ಬೇಕಾದರೂ ಬಡಿಸುತ್ತೇನೆ. ಉದ್ದರಿ ಇಲ್ಲ. ಉಪ್ಪು ಕಡಿಮೆಯ ಬಾಟಲಿ ಬೇಕಾದವರಿಗೆ ನನ್ನಲ್ಲಿ ಅದಿಲ್ಲ, ಬೇರೆಯವರಲ್ಲಿ ಸಿಗುತ್ತದೆ. ಸೋರಿದ ಬಾಟಲಿ ಬಂದರೆ ಚಿತ್ರ ಕಳುಹಿಸಿ, ಬದಲಿ ಕಳುಹಿಸುತ್ತೇನೆ. ಒದ್ದೆ ಚಮಚ ಹಾಕಬೇಡಿ.