ಕಡಲು ನಮಗೆ ಮೀನು ಕೊಟ್ಟಿದೆ, ಕಾಲು ಕೊಟ್ಟಿಲ್ಲ

ನಿನ್ನೆ ಮಲ್ಪೆ ಕಡೆಯ ಒಂದು ಶಾಲೆಯ ಕಾರ್ಯಕ್ರಮಕ್ಕೆ ಹೋಗಿದ್ದೆ. ಬಂದಾಗಿನಿಂದ ಸಿಟ್ಟು ಇಳಿದಿಲ್ಲ. ಅತಿಥಿಯಾಗಿ ಬಂದವರು ಮೈಕ್ ಹಿಡಿದು ಮಕ್ಕಳಿಗೆ ಹೇಳಿದರು: ಮನುಷ್ಯ ಎರಡು ಕಾಲಲ್ಲಿ ಎದ್ದು ನಿಂತದ್ದೇ ಸಮುದ್ರದ ನೀರಿನಲ್ಲಿ, ಎತ್ತರ ಬೆಳೆದದ್ದು ಮೀನು ತಿಂದು, ಕರಾವಳಿಯವರ ಮೈಕಟ್ಟಿಗೆ ಅದೇ ಕಾರಣ, ಇದು ವಿಜ್ಞಾನ. ಮಕ್ಕಳು ಚಪ್ಪಾಳೆ ಹೊಡೆದರು. ನಮ್ಮೂರನ್ನು ಹೊಗಳಿದರೆ ಯಾರಿಗೆ ಖುಷಿ ಆಗಲ್ಲ? ಆದರೆ ವಿಜ್ಞಾನ ಹಾಗೆ ಹೇಳಿಲ್ಲ.

ಒಬ್ಬರು ಕೇಳಿದ್ದಂತೂ ನಿಜ. ಅಲಿಸ್ಟರ್ ಹಾರ್ಡಿ ಅಂತ ಬ್ರಿಟನ್ನಿನ ಕಡಲ ಜೀವವಿಜ್ಞಾನಿ. ನಮ್ಮ ಪೂರ್ವಜರು ತೀರದ ನೀರಿನಲ್ಲಿ ಆಹಾರ ಹುಡುಕುತ್ತಾ ನೆಟ್ಟಗೆ ನಿಲ್ಲಲು ಕಲಿತಿರಬಹುದೇ ಎಂದು 1960ರಲ್ಲಿ ಬರೆದರು. ಆಮೇಲೆ ಎಲೈನ್ ಮಾರ್ಗನ್ ಎಂಬ ಲೇಖಕಿ ಅದನ್ನು ಜನರಿಗೆ ತಲುಪಿಸಿದರು. ಹಾರ್ಡಿ ಕೇಳಿದ್ದು ಪ್ರಶ್ನೆ. ಅದನ್ನೇ ಉತ್ತರ ಅಂತ ಮಕ್ಕಳ ತಲೆಗೆ ತುಂಬುವುದು ಯಾವ ನ್ಯಾಯ?

ತಾಂಜಾನಿಯಾದ ಲೇಟೋಲಿಯಲ್ಲಿ 1978ರಲ್ಲಿ ಪಳೆಯುಳಿಕೆ ಸಂಶೋಧಕಿ ಮೇರಿ ಲೀಕಿ ಅವರ ತಂಡಕ್ಕೆ ಹೆಜ್ಜೆಗುರುತುಗಳ ಸಾಲು ಸಿಕ್ಕಿತು. ಸುಮಾರು 36 ಲಕ್ಷ ವರ್ಷ ಹಳೆಯದು. ಮಳೆಗೆ ನೆನೆದ ಜ್ವಾಲಾಮುಖಿ ಬೂದಿಯ ಮೇಲೆ ನಮ್ಮ ಪೂರ್ವಜರ ಕುಲದ ಯಾರೋ ಎರಡೇ ಕಾಲಲ್ಲಿ ನಡೆದು ಹೋಗಿದ್ದಾರೆ. ಹಿಮ್ಮಡಿ ಮೊದಲು ಊರಿದೆ. ಹೆಬ್ಬೆರಳು ಮಂಗನದರಂತೆ ಬದಿಗೆ ಚಾಚಿಲ್ಲ, ಉಳಿದ ಬೆರಳುಗಳ ಸಾಲಿನಲ್ಲೇ ಇದೆ. ನೀರು ಇಳಿದ ಹೊತ್ತಲ್ಲಿ ಮಲ್ಪೆಯ ಒದ್ದೆ ಮರಳಲ್ಲಿ ನಾಲ್ಕು ಹೆಜ್ಜೆ ಹಾಕಿ ತಿರುಗಿ ನೋಡಿ, ಹೆಚ್ಚುಕಡಿಮೆ ಅದೇ ಅಚ್ಚು. ಆದರೆ ಲೇಟೋಲಿ ಕಡಲತಡಿ ಅಲ್ಲ. ಸಮುದ್ರದಿಂದ ನೂರಾರು ಕಿಲೋಮೀಟರ್ ಒಳಗಿದೆ. ಮನುಷ್ಯರು ಕಡಲಿನ ಚಿಪ್ಪು ತಿಂದದ್ದಕ್ಕೆ ಸಿಕ್ಕಿರುವ ಬಹಳ ಹಳೆಯ ಸಾಕ್ಷಿಗಳಲ್ಲಿ ಒಂದು ದಕ್ಷಿಣ ಆಫ್ರಿಕಾದ ಪಿನಕಲ್ ಪಾಯಿಂಟ್ ಗುಹೆಯದು. ಅದಕ್ಕೆ ಸುಮಾರು 1,64,000 ವರ್ಷ. ನಡಿಗೆ ಎಲ್ಲಿ, ಚಿಪ್ಪು ಎಲ್ಲಿ!

ಚಿಂಪಾಂಜಿ ನೀರಿಗೆ ಇಳಿದರೆ ಎದ್ದು ನಿಲ್ಲುತ್ತದಲ್ಲ ಅಂತ ಕೇಳುವವರಿದ್ದಾರೆ. ನಿಲ್ಲುತ್ತದೆ. ಎರಡೂ ಕೈಯಲ್ಲಿ ಹಣ್ಣು ಹೊತ್ತಾಗಲೂ ನಿಲ್ಲುತ್ತದೆ. ಅದನ್ನೇ ಹಿಡಿದು ಇಡೀ ಮನುಷ್ಯ ಕುಲವನ್ನು ನೀರಿಗಿಳಿಸುವುದು ಜಾಸ್ತಿ ಆಯ್ತು. ಉದ್ಯಾವರ ಹೊಳೆಯಲ್ಲಿ ಮರುವಾಯಿ (ಕಪ್ಪೆಚಿಪ್ಪು) ಹೆಕ್ಕುವವರನ್ನು ನೋಡಿದ್ದೀರಲ್ವಾ? ಬೆನ್ನು ಬಗ್ಗಿಯೇ ಇರುತ್ತದೆ, ಕೈ ಕೆಸರಲ್ಲಿ. ಸಂಜೆ ಸೊಂಟ ಹಿಡಿದುಕೊಂಡು ಮನೆಗೆ ಬರುತ್ತಾರೆ. ಆ ಕೆಲಸ ಯಾರನ್ನೂ ನೆಟ್ಟಗೆ ನಿಲ್ಲಿಸುವುದಲ್ಲ.

ಇನ್ನು ಎತ್ತರದ ಮಾತು. ನನ್ನನ್ನು ಹೆಚ್ಚು ಚುಚ್ಚಿದ್ದು ಅದೇ.

ನನ್ನ ಅಮ್ಮ ಮೀನು ಮಾರಿ ನಮ್ಮನ್ನು ಸಾಕಿದವಳು ಅಂತ ನಿಮಗೆಲ್ಲ ಗೊತ್ತು. ಹುಟ್ಟಿದ್ದು, ಬೆಳೆದದ್ದು ಕಡಲ ಬದಿಯಲ್ಲೇ. ನನ್ನ ಭುಜಕ್ಕೂ ಬರುತ್ತಿರಲಿಲ್ಲ. ದುಬಾರಿ ಅಂಜಲ್ ಮೀನು ಬುಟ್ಟಿಯಲ್ಲಿ ಪೇಟೆಗೆ ಹೋಗುತ್ತಿತ್ತು, ಮನೆಗೆ ಉಳಿಯುತ್ತಿದ್ದದ್ದು ಮಾರಾಟವಾಗದ ಅಗ್ಗದ ಬೂತಾಯಿ ಮೀನು. ಮಳೆಗಾಲದ ಆಟಿ ತಿಂಗಳಲ್ಲಿ ದೋಣಿ ಇಳಿಯದಿದ್ದರೆ ಅದೂ ಇಲ್ಲ, ಗಂಜಿ ಮತ್ತು ಚಟ್ನಿ. ಚಿಕ್ಕವಳಿದ್ದಾಗ ಬಂದ ಜ್ವರ, ಭೇದಿ ಎಷ್ಟೋ. ಅವಳ ಮೈ ಬೆಳೆಯಬೇಕಾದ ಹೊತ್ತಲ್ಲಿ ಅದಕ್ಕೆ ಬೇಕಾದದ್ದು ಸಿಗಲಿಲ್ಲ. ಅಣ್ಣನ ಮಗಳು ಅದೇ ಮನೆಯವಳು, ಅದೇ ಕಡಲಿನ ಮೀನು ತಿಂದವಳು, ಈಗ ಮನೆಯಲ್ಲೇ ಎಲ್ಲರಿಗಿಂತ ಎತ್ತರ. ಅವಳಿಗೆ ಹಾಲು, ಮೊಟ್ಟೆ, ಲಸಿಕೆ, ಶುದ್ಧ ನೀರು ಎಲ್ಲ ಸಿಕ್ಕಿತು.

ನೆದರ್‌ಲ್ಯಾಂಡ್ಸಿನ ಡಚ್ಚರನ್ನು ನೋಡಿ. ಇವತ್ತು ಜಗತ್ತಿನಲ್ಲೇ ಅತಿ ಎತ್ತರದವರು. 1850ರ ಸುಮಾರಿಗೆ ಯುರೋಪಿನ ಗಿಡ್ಡರ ಸಾಲಿನಲ್ಲಿದ್ದರು. ಅವರ ಸಮುದ್ರ ಆಗಲೂ ಅಲ್ಲೇ ಇತ್ತು! ದಕ್ಷಿಣ ಕೊರಿಯಾದ ಹೆಂಗಸರ ಸರಾಸರಿ ಎತ್ತರ ಒಂದು ಶತಮಾನದಲ್ಲಿ ಸುಮಾರು 20 ಸೆಂಟಿಮೀಟರ್ ಏರಿತು. ದಕ್ಷಿಣ ಸುಡಾನಿನ ಡಿಂಕಾ ಜನ ಕಡಲಿನಿಂದ ಎಷ್ಟೋ ದೂರ ದನ ಸಾಕಿಕೊಂಡಿರುವವರು, ಅವರ ಎತ್ತರಕ್ಕೆ ನಾವು ಕತ್ತೆತ್ತಿ ನೋಡಬೇಕು. ಅಪ್ಪ ಅಮ್ಮನಿಂದ ಬಂದದ್ದು ಒಂದು ಪಾಲು. ಉಳಿದದ್ದು ಎಳವೆಯ ಊಟ ಮತ್ತು ಆರೋಗ್ಯ.

ಮೀನು ಒಳ್ಳೆಯದು. ಅದರಲ್ಲಿ ಪ್ರೋಟೀನ್ ಇದೆ, ಅಯೋಡಿನ್ ಇದೆ, ದಿನಾ ತಿನ್ನಿ. ಆದರೆ ಬಡತನದಿಂದ ಗಿಡ್ಡಗಾದವರ ಮಕ್ಕಳ ಎದುರು ನಿಂತು ಕಡಲು ನಿಮ್ಮನ್ನು ಎತ್ತರ ಮಾಡಿದೆ ಅನ್ನಬೇಡಿ. ಆ ಹಸಿವಿನ ಲೆಕ್ಕವೇ ಅಳಿಸಿ ಹೋಗುತ್ತದೆ.

ಹೆಡ್‌ಮಾಸ್ಟರಿಗೆ ಇವತ್ತು ಬೆಳಿಗ್ಗೆ ಫೋನ್ ಮಾಡಿ, ಮಕ್ಕಳ ಜೊತೆ ಮಾತಾಡಲು ಅರ್ಧ ಗಂಟೆ ಸಮಯ ಕೇಳಿದ್ದೇನೆ. ಶನಿವಾರ ಬನ್ನಿ ಅಂದಿದ್ದಾರೆ. ಲೇಟೋಲಿಯ ಚಿತ್ರ ದೊಡ್ಡದಾಗಿ ಪ್ರಿಂಟ್ ಹಾಕಿಸಬೇಕು. ಉಡುಪಿಯಲ್ಲಿ ಎಲ್ಲಿ ಚೆನ್ನಾಗಿ ಮಾಡಿಕೊಡುತ್ತಾರೆ, ಗೊತ್ತಿದ್ದವರು ಹೇಳಿ.