ಪರ-ವಿರೋಧ: ಮಲೆನಾಡಿನ ಕಾರಿಗೆ ಹಿಂದೆ ಡ್ರಮ್ ಬ್ರೇಕ್ ಸಾಕೇ?

ಪರ: ಸಾಕು, ಡಿಸ್ಕೇ ಜಾಸ್ತಿ

"ಹಿಂದೆಯೂ ಡಿಸ್ಕ್ ಇದೆಯಾ?" ಅಂತ ಶೋರೂಮಿನಲ್ಲಿ ಕೇಳುವುದು ಈಗ ಮರ್ಯಾದೆಯ ಪ್ರಶ್ನೆ. ಡಿಸ್ಕ್ ಅಂದರೆ ಚಕ್ರದ ಜೊತೆ ತಿರುಗುವ ತಟ್ಟೆ, ಅದನ್ನು ಎರಡು ಬದಿಯಿಂದ ಪ್ಯಾಡ್ ಕಚ್ಚಿ ಹಿಡಿಯುತ್ತದೆ; ಡ್ರಮ್ ಅಂದರೆ ಮುಚ್ಚಿದ ಡಬ್ಬಿ, ಅದರ ಒಳಗೋಡೆಗೆ ಶೂ ಒತ್ತುತ್ತದೆ. ಬ್ರೇಕ್ ತುಳಿದಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಸಣ್ಣ ಕಾರಿನಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಕೆಲಸ ಮುಂದಿನ ಡಿಸ್ಕಿನದು. ಹಿಂದೆ ಉಳಿಯುವ ಚೂರು ಕೆಲಸಕ್ಕೂ ಡಿಸ್ಕ್ ಹಾಕಿದರೆ ಅದು ಸವೆಯುವುದಿಲ್ಲ, ತುಕ್ಕು ತಿನ್ನುತ್ತದೆ.

ಹೊಸನಗರ, ತೀರ್ಥಹಳ್ಳಿ ಕಡೆ ಆರಿದ್ರೆಯಿಂದ ಆಶ್ಲೇಷದವರೆಗೆ ಎಷ್ಟೋ ಕಾರುಗಳು ಶೆಡ್ಡಿನಿಂದ ಅಲ್ಲಾಡುವುದೇ ಅಪರೂಪ. ಎರಕದ ಕಬ್ಬಿಣದ ಡಿಸ್ಕ್ ಬಯಲಲ್ಲೇ ಇರುವುದರಿಂದ ಒಂದೇ ರಾತ್ರಿಗೆ ಕೆಂಪು ಪೊರೆ ಕಟ್ಟುತ್ತದೆ. ದಿನಾ ಓಡಿಸಿದರೆ ಪ್ಯಾಡ್ ಅದನ್ನು ಉಜ್ಜಿ ತೆಗೆಯುತ್ತದೆ. ವಾರಗಟ್ಟಲೆ ನಿಂತರೆ ಪ್ಯಾಡ್ ಕೂತ ಜಾಗದಲ್ಲಿ ಅಚ್ಚು ಒತ್ತಿದ ಹಾಗೆ ಗುಳಿ ಬೀಳುತ್ತದೆ, ಆಮೇಲೆ ಬ್ರೇಕ್ ಹಿಡಿದಾಗೆಲ್ಲ ಗರಗರ. ಪ್ಯಾಡ್ ಹಿಡಿದ ಕ್ಯಾಲಿಪರ್ ಜಾರುವ ಪಿನ್ನಿನ ರಬ್ಬರ್ ಹರಿದು ಕೆಸರುನೀರು ಒಳಹೊಕ್ಕರೆ ಪಿನ್ ಕಚ್ಚಿಕೊಳ್ಳುತ್ತದೆ. ಆಗ ಒಳಗಿನ ಪ್ಯಾಡ್ ಲೋಹಕ್ಕೆ ಬಂದರೂ ಹೊರಗಿನದು ಹೊಸದರಂತಿರುತ್ತದೆ. ಚಕ್ರದ ಸಂದಿಯಿಂದ ಇಣುಕಿದವರಿಗೆ ಕಾಣುವುದು ಹೊರಗಿನದೇ.

ಹ್ಯಾಂಡ್‌ಬ್ರೇಕ್ ಕ್ಯಾಲಿಪರ್‌ನೊಳಗೇ ಇದ್ದರೆ, ಹೊಸ ಪ್ಯಾಡ್ ಹಾಕುವಾಗ ಅದನ್ನು ಒತ್ತುವ ಪಿಸ್ಟನ್ನನ್ನು ಸಾಮಾನ್ಯವಾಗಿ ಒತ್ತುತ್ತಲೇ ತಿರುಗಿಸಿ ಹಿಂದಕ್ಕೆ ಕಳಿಸಬೇಕು. ಗೊತ್ತಿಲ್ಲದೆ ಸಿ-ಕ್ಲ್ಯಾಂಪ್ ಹಾಕಿ ಒತ್ತಿದರೆ ಒಳಗಿನ ಸ್ಕ್ರೂ ಕೆಟ್ಟು ಇಡೀ ಕ್ಯಾಲಿಪರೇ ಹೋಯಿತು. ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್ ಆದರೆ ಬಹುತೇಕ ಗಾಡಿಗಳಲ್ಲಿ ಮೊದಲು ಸ್ಕ್ಯಾನರ್‌ನಿಂದ ಸರ್ವಿಸ್ ಮೋಡಿಗೆ ತರಬೇಕು. ಪ್ಯಾಡ್ ಬದಲಿಸಲು ಕಂಪ್ಯೂಟರ್ ಹುಡುಕಿಕೊಂಡು ಶಿವಮೊಗ್ಗಕ್ಕೆ!

ಡ್ರಮ್ ನೋಡಿ. ಹ್ಯಾಂಡ್‌ಬ್ರೇಕ್ ಬಿಟ್ಟು, ಡ್ರಮ್ಮಿನ ಎರಡು ತೂತಿಗೆ 8 ಎಂಎಂ ಬೋಲ್ಟ್ ಹಾಕಿ ಸಮವಾಗಿ ಬಿಗಿ ಮಾಡಿದರೆ ಹೊರಗೆ ಬರುತ್ತದೆ. ಧೂಳನ್ನು ಗಾಳಿಯಲ್ಲಿ ಊದಬೇಡಿ, ಬ್ರೇಕ್ ಕ್ಲೀನರ್‌ನಿಂದ ತೊಳೆಯಿರಿ. ಶೂ ಮೇಲಿನ ಸವೆಯುವ ಪದರ, ಅಂದರೆ ಲೈನಿಂಗ್, 1 ಎಂಎಂಗೆ ಬಂದಿದ್ದರೆ ಎರಡೂ ಬದಿಯ ಶೂ ಬದಲಿಸಿ. ಶೂ ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಎತ್ತಿ ನೋಡಿ, ಒಳಗೆ ಒದ್ದೆ ಇದ್ದರೆ ಸಿಲಿಂಡರ್ ಹೊಸದು. ಅಡ್ಜಸ್ಟರ್ ಸ್ಕ್ರೂವಿನ ಮರೆಗೆ, ಶೂವಿನ ಅಂಚು ಉಜ್ಜುವ ಹಿಂದಿನ ತಗಡಿನ ಜಾಗಗಳಿಗೆ ತೆಳುವಾಗಿ ಬ್ರೇಕ್ ಗ್ರೀಸ್. ಯಾವ ಊರಿನ ಗ್ಯಾರೇಜಿನಲ್ಲೂ ಆಗುವ ಕೆಲಸ.

ಫೋಕ್ಸ್‌ವ್ಯಾಗನ್ ತನ್ನ ಐಡಿ.3, ಐಡಿ.4 ವಿದ್ಯುತ್ ಕಾರುಗಳಿಗೂ ಹಿಂದೆ ಡ್ರಮ್ಮನ್ನೇ ಕೂರಿಸಿತು. ಅದನ್ನೇನು ಬಡತನಕ್ಕೆ ಮಾಡಿದ್ದಲ್ಲ. ಘಾಟಿಯಲ್ಲಿ ಡ್ರಮ್ ಕಾದು ಬಿಸಿಯಾಗುತ್ತದೆ ಎನ್ನುವವರು ಆಗುಂಬೆಯ 14 ತಿರುವನ್ನೂ ಗೇರಿನ ಹಿಡಿತವಿಲ್ಲದೆ ನ್ಯೂಟ್ರಲ್‌ನಲ್ಲೇ ಇಳಿಯುವವರಿರಬೇಕು.

ವಿರೋಧ: ಹಿಂದೆಯೂ ಡಿಸ್ಕ್ ಇರಲಿ

ಡಿಸ್ಕಿನ ಪರ ಬರೆಯಿರಿ ಎಂದಿದ್ದಾರೆ, ಬರೆಯುತ್ತೇನೆ. ಸಣ್ಣ ಹ್ಯಾಚ್‌ಬ್ಯಾಕಿಗೆ ಡ್ರಮ್ ಸಾಲದು ಅಂತ ವಾದಿಸುವ ಹುಮ್ಮಸ್ಸು ನನಗೂ ಇಲ್ಲ. ಆದರೆ ಏಳು ಜನ, ಮೇಲೆ ಕ್ಯಾರಿಯರ್ ತುಂಬ ಸಾಮಾನು, ಹುಲಿಕಲ್ ಘಾಟಿ ಅಂದರೆ ಲೆಕ್ಕವೇ ಬೇರೆ. ಎರಡನೇ ಗೇರಿನಲ್ಲಿ ಇಳಿದರೂ ಬ್ರೇಕಿಗೆ ಕೆಲಸ ಇದ್ದೇ ಇದೆ. ಡ್ರಮ್ ಕಾದು ಹಿಗ್ಗಿದಾಗ ಶೂವಿನಿಂದ ದೂರ ಸರಿಯುತ್ತದೆ, ಪೆಡಲ್ ಆಳಕ್ಕೆ ಹೋಗುತ್ತದೆ. ಡಿಸ್ಕ್ ಹಿಗ್ಗುವುದು ಪ್ಯಾಡಿನ ಕಡೆಗೇ.

ನೀರಿನ ವಿಷಯವನ್ನು ಎದುರಿನವರು ಮುಟ್ಟಲೇ ಇಲ್ಲ. ಮೋರಿ ಉಕ್ಕಿದ ರಸ್ತೆ ದಾಟಿದರೆ ಡಿಸ್ಕ್ ನಾಲ್ಕು ಸುತ್ತಿಗೆ ನೀರು ಎಸೆದುಬಿಡುತ್ತದೆ. ಡ್ರಮ್ಮಿನಲ್ಲಿ ನಿಂತ ನೀರನ್ನು ನಿಧಾನವಾಗಿ ಓಡಿಸುತ್ತ ಪೆಡಲನ್ನು ಹಗುರವಾಗಿ ಒತ್ತಿ ಒಣಗಿಸಬೇಕು. ಒಳಗೆ ಸೇರಿದ ಕೆಸರಂತೂ ಡ್ರಮ್ ಬಿಚ್ಚುವ ತನಕ ಅಲ್ಲೇ ಅರೆಯುತ್ತಿರುತ್ತದೆ.

ತುಕ್ಕಿನ ದೂರು ನಿಜ. ವಾರಕ್ಕೆರಡು ಸಲ ಗಾಡಿ ತೆಗೆದು ನಾಲ್ಕೈದು ಬಾರಿ ಗಟ್ಟಿಯಾಗಿ ಬ್ರೇಕ್ ಹಿಡಿದರೆ ಪೊರೆ ಹೋಗುತ್ತದೆ. ಪ್ರತಿ ಮಳೆಗಾಲ ಮುಗಿದ ಮೇಲೆ ಕ್ಯಾಲಿಪರ್ ಪಿನ್ ಬಿಚ್ಚಿ ಒರೆಸಿ ಸಿಲಿಕೋನ್ ಗ್ರೀಸ್ ಹಚ್ಚಿಸಿ. ಸಾಮಾನ್ಯ ಗ್ರೀಸ್ ರಬ್ಬರನ್ನು ಉಬ್ಬಿಸುತ್ತದೆ, ಬೇಡ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಿ. ಡಾಟ್ 4 ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು, ತೇವ ಹೀರಿದ್ದು 155 ಡಿಗ್ರಿ ಹೊತ್ತಿಗೇ ಕುದಿಯಬಹುದು. ಇದು ಡ್ರಮ್ ಇದ್ದವರಿಗೂ ಅನ್ವಯ, ಪರ ಬರೆದವರು ಹೇಳಿಲ್ಲ ಅಷ್ಟೆ.